ಮಲೆನಾಡು ಗಿಡ್ಡದ ವಂಶಲಿಪಿ

ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ಮೇಯುವ ಮಲೆನಾಡು ಗಿಡ್ಡ ಹಸುವಿನ ಹಾಲು ಅಲ್ಪವೇ ಸರಿ. ಆದರೆ ಜಡಿಮಳೆಯನ್ನೂ ಒರಟು ಮೇವನ್ನೂ ತಾಳುವ ಶಕ್ತಿ ಅದಕ್ಕುಂಟು. ಈ ಶಕ್ತಿಯನ್ನು ಕಳೆಯದೆ ಹಾಲನ್ನು ಹೆಚ್ಚಿಸುವುದೆಂತು?

ತಳಿಗೆ ತಕ್ಕ ಹೋರಿಯನ್ನು ಆರಿಸಬೇಕು. ಹೋರಿಯಾದರೋ ಹಾಲು ಕೊಡದು. ಅದರ ಹೆಂಗರುಗಳು ಬೆಳೆದು ಈದ ಮೇಲೆಯೇ ಅದರ ಯೋಗ್ಯತೆ ತಿಳಿಯುವುದು. ಅದಕ್ಕೆ ಹಲವು ವರ್ಷಗಳು ಬೇಕು.

ಈ ಕಾಯುವಿಕೆಯನ್ನು ಕುಗ್ಗಿಸಲು ಇಂದು ಎಳೆಗರುವಿನ ತುಸು ರಕ್ತದಿಂದಲೇ ವಂಶವಾಹಿಗಳನ್ನು ಪರೀಕ್ಷಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯು ದೇಶೀ ದನಗಳಿಗೆಂದೇ ರೂಪಿಸಿ 2021ರಲ್ಲಿ ಹೊರತಂದ ‘ಇಂಡಿಗೌ’ ಚಿಪ್ಪು ಡಿ.ಎನ್.ಎ.ಯ 11,496 ಗುರುತುಗಳನ್ನು ಓದುತ್ತದೆ.

ಆದರೆ ಓದಿದರೆ ಸಾಲದು. ಯಾವ ಗುರುತಿನೊಡನೆ ಯಾವ ಗುಣ ಬರುವುದೆಂದು ಅರಿಯಲು ಕೊಟ್ಟಿಗೆಕೊಟ್ಟಿಗೆಯಲ್ಲಿಯೂ ಹಾಲಿನ ಲೆಕ್ಕವನ್ನು ಬರೆದಿಡಬೇಕು. ಅದನ್ನು ಬಿಟ್ಟು ಹೊರಗಿನ ಹೋರಿಗಳನ್ನೇ ಕೂಡಿಸುತ್ತ ಹೋದರೆ, ಲೆಕ್ಕ ಮುಗಿಯುವ ಮುನ್ನವೇ ಗಿಡ್ಡ ತಳಿಯು ಅಳಿದೀತು.