ಆಗಮನದ ಅಂಕಿ ಮತ್ತು ನಮ್ಮ ಸಾಲ

ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ನೆಚ್ಚಿ ಪಿಲ್ಲಗುಂಪೆಯಲ್ಲಿ ಕಾಫಿಪುಡಿ ಮಳಿಗೆ ತೆರೆಯಬೇಕೆನ್ನುವ ಸದಸ್ಯ ಬಾಂಧವರು ಒಂದು ಲೆಕ್ಕವನ್ನು ಗಮನಿಸಬೇಕು. 2019ರಲ್ಲಿ ಭಾರತಕ್ಕೆ ವಿದೇಶಿ ಪ್ರವಾಸಿಗರ ಆಗಮನ ಸುಮಾರು 1 ಕೋಟಿ 9 ಲಕ್ಷ. ಇಲ್ಲಿ ಎಣಿಸುವುದು ಆಗಮನಗಳನ್ನು. ಒಬ್ಬರೇ ಮೂರು ಸಲ ಬಂದರೆ ಲೆಕ್ಕ ಮೂರು. ವೀಸಾಗಳ ಸಂಖ್ಯೆಯೂ ಇದಕ್ಕೆ ತಾಳೆಯಾಗದು. ಒಂದೇ ವೀಸಾದಲ್ಲಿ ಹಲವು ಸಲ ಬರಬಹುದು. ಒಸಿಐ ಕಾರ್ಡು ಪಡೆದ ಭಾರತೀಯ ಮೂಲದವರಿಗೆ ವೀಸಾವೇ ಬೇಕಿಲ್ಲ. ವಿದೇಶಿ ಪೌರತ್ವ ಪಡೆದ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದರೂ ಈ ಪಟ್ಟಿಯಲ್ಲಿ ವಿದೇಶಿಯರೇ. ಕೋವಿಡ್ ಬಂದ 2020ರಲ್ಲಿ ಆಗಮನ ಸುಮಾರು 27 ಲಕ್ಷಕ್ಕೆ ಕುಸಿಯಿತು. ಸಾಲದ ಕಂತು ಹಾಗೆ ಕುಸಿಯುವುದಿಲ್ಲ. ಆದ್ದರಿಂದ ಮೊದಲು ಮಳಿಗೆಯ ಜಾಗದಲ್ಲಿ ನಿಂತು ಗಿರಾಕಿಗಳನ್ನು ಎಣಿಸಿ, ಆಮೇಲೆ ಸಾಲದ ಅರ್ಜಿ ಬರೆಯಿರಿ ಎಂಬುದು ನಮ್ಮ ವಿನಂತಿ.