ಕಣ್ಣು ಬಾಟಲಿಯ ಮೇಲೆ, ತೊಂದರೆ ಕೈಯಲ್ಲಿ

ವಾರ್ಡಿನಲ್ಲಿ ರೋಗಿಯ ಪಕ್ಕ ಕೂತವರು ದಿನವಿಡೀ ನೋಡುವುದು ಡ್ರಿಪ್ಸ್ ಬಾಟಲಿಯನ್ನೇ. ಮುಗಿಯುತ್ತ ಬಂತೇ, ಹನಿ ನಿಂತಿತೇ, ಕೊಳವೆಯಲ್ಲಿ ಗುಳ್ಳೆ ಇದೆಯೇ ಎಂದು ನಿದ್ದೆಗೆಟ್ಟು ಕಾಯುವವರೂ ಇದ್ದಾರೆ. ಆದರೆ ಹೆಚ್ಚಿನ ತೊಂದರೆಗಳು ಹುಟ್ಟುವುದು ಕೆಳಗೆ, ಪ್ಲಾಸ್ಟರಿನ ಅಡಿಯಲ್ಲಿ, ಕ್ಯಾನುಲಾ ಎಂಬ ನಳಿಕೆ ಚರ್ಮ ದಾಟಿ ರಕ್ತನಾಳ ಸೇರುವ ಜಾಗದಲ್ಲಿ.

ಗುಳ್ಳೆಯ ಭಯವನ್ನು ಬೆಳೆಸಿದ್ದು ಸಿನಿಮಾಗಳು. ಕೈಯ ಕ್ಯಾನುಲಾ ಮೂಲಕ ಒಳಹೋದ ಸಣ್ಣ ಗುಳ್ಳೆ ಸಾಮಾನ್ಯವಾಗಿ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿ ಕರಗಿಹೋಗುತ್ತದೆ. ಗಾಳಿಯ ಪ್ರಮಾಣ ಹೆಚ್ಚಿದ್ದರೆ, ಅಥವಾ ಕುತ್ತಿಗೆಯ ದೊಡ್ಡ ನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ತೆರೆದುಕೊಂಡರೆ ಅಪಾಯ ನಿಜ. ಬಾಟಲಿ ಖಾಲಿಯಾದಾಗ ರಕ್ತ ಕೊಳವೆಗೆ ಏರುವುದು ನಾಳದೊಳಗಿನ ಒತ್ತಡದಿಂದ. ಅದು ಹೆಪ್ಪುಗಟ್ಟಿ ಕ್ಯಾನುಲಾ ಕಟ್ಟಿಕೊಳ್ಳಬಹುದು, ಆದ್ದರಿಂದ ಸಿಸ್ಟರ್‌ಗೆ ಹೇಳಬೇಕು; ಮೈಯ ರಕ್ತವೆಲ್ಲ ಹರಿದುಹೋದೀತೆಂದು ಕಿರುಚಬೇಕಿಲ್ಲ.

ಕೈಯೊಳಗೆ ಸೂಜಿ ಉಳಿದಿರುತ್ತದೆ ಎಂಬ ನಂಬಿಕೆಯೂ ತಪ್ಪು. ಚುಚ್ಚಿದ ಕೂಡಲೇ ಸೂಜಿ ಹೊರಬರುತ್ತದೆ, ಒಳಗಿರುವುದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ. ಬೆರಳಾಡಿಸಲು ಹೆದರಬೇಕಿಲ್ಲ.

ಹೆದರಬೇಕಾದಲ್ಲಿ ಜನ ಹೆದರುವುದಿಲ್ಲ. 'ಗ್ಲೂಕೋಸ್ ಹಾಕಿದ್ದಾರಲ್ಲ, ಕೈ ಊದುವುದು ಸಹಜ' ಎಂಬ ಮಾತು ಎಲ್ಲ ಆಸ್ಪತ್ರೆಗಳಲ್ಲೂ ಕೇಳಿಬರುತ್ತದೆ. ಅದು ಸಹಜವಲ್ಲ. ನಳಿಕೆಯ ತುದಿ ನಾಳದಿಂದ ಜಾರಿ, ದ್ರವ ಸುತ್ತಲಿನ ಅಂಗಾಂಶಕ್ಕೆ ಸೋರುತ್ತಿದೆ ಎಂಬುದರ ಗುರುತು ಅದು. ಚರ್ಮ ಬಿಗಿದು, ಮುಟ್ಟಿದರೆ ತಣ್ಣಗಿರುತ್ತದೆ. ಸೋರಿದ್ದು ಬರೀ ಸಲೈನ್ ಆದರೆ ಊತ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಕ್ಯಾಲ್ಸಿಯಂ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್, ಕ್ಯಾನ್ಸರಿನ ಡಾಕ್ಸೊರುಬಿಸಿನ್ ಸೋರಿದರೆ ಚರ್ಮ, ಮಾಂಸ ಕೊಳೆತು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಊತ ಕಂಡ ಕ್ಷಣವೇ ಡ್ರಿಪ್ಸ್ ನಿಲ್ಲಿಸಲು ಹೇಳಬೇಕು. ತಿಕ್ಕಬಾರದು, ಕ್ಯಾನುಲಾವನ್ನು ತಾವೇ ಕಿತ್ತುಹಾಕಲೂಬಾರದು: ಸೋರಿದ ಔಷಧಿಯನ್ನು ಅದೇ ನಳಿಕೆಯಿಂದ ಹಿಂದಕ್ಕೆ ಎಳೆಯಲು ವೈದ್ಯರು ಪ್ರಯತ್ನಿಸಬಹುದು. ಎಳೆಗೂಸುಗಳು, ಪ್ರಜ್ಞೆ ತಪ್ಪಿದವರು ನೋವೆಂದು ಹೇಳಲಾರರು. ಅಂಥವರ ಕೈಗೆ ಜಾಗವೇ ಕಾಣದಂತೆ ಬ್ಯಾಂಡೇಜ್ ಸುತ್ತಿಡುವುದು ಕ್ಷಮಿಸಲಾಗದ ಅಭ್ಯಾಸ.

'ಮೂರು ದಿನಕ್ಕೊಮ್ಮೆ ಕ್ಯಾನುಲಾ ಬದಲಿಸಲೇಬೇಕು' ಎನ್ನುವುದನ್ನು ಆಸ್ಪತ್ರೆಗಳೇ ದಶಕಗಳ ಕಾಲ ನಂಬಿದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಲೇರ್ ರಿಕಾರ್ಡ್ ಮತ್ತು ತಂಡದವರು ಮೂರು ಆಸ್ಪತ್ರೆಗಳ 3,283 ರೋಗಿಗಳಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. ಒಂದು ಗುಂಪಿಗೆ ಮೂರನೇ ದಿನ ಬದಲಾವಣೆ, ಇನ್ನೊಂದಕ್ಕೆ ತೊಂದರೆ ಕಂಡಾಗ ಮಾತ್ರ. 2012ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶದಂತೆ ನಾಳದ ಉರಿಯೂತ ಎರಡೂ ಗುಂಪುಗಳಲ್ಲಿ ಶೇ. 7. ಅಂದರೆ ಸುಮ್ಮನೆ ಮತ್ತೆ ಚುಚ್ಚಿಸಿಕೊಂಡ ನೋವಿಗೆ ಪ್ರತಿಫಲವಿರಲಿಲ್ಲ. ಆದರೆ ಇದು ಪ್ರತಿ ಪಾಳಿಯಲ್ಲೂ ಜಾಗವನ್ನು ನೋಡುವ ವಾರ್ಡಿಗೆ ಅನ್ವಯಿಸುವ ಮಾತು. ಕೆಂಪು, ಬಿಸಿ, ನೋವು, ದಾರದಂತೆ ಗಟ್ಟಿಯಾದ ನಾಳ, ಇವುಗಳಲ್ಲಿ ಯಾವುದು ಕಂಡರೂ ಮೊದಲ ದಿನವೇ ಆಗಿದ್ದರೂ ತೆಗೆಯಬೇಕು. ಅಪಘಾತದ ಗಡಿಬಿಡಿಯಲ್ಲಿ ಶುಚಿತ್ವ ನೋಡದೆ ಹಾಕಿದ್ದನ್ನಂತೂ ಎರಡು ದಿನದೊಳಗೆ ಬದಲಿಸಬೇಕು.

ಸುಮ್ಮನೆ ಬದಲಿಸುವುದಕ್ಕಿಂತ ಕೆಟ್ಟದ್ದು 'ಇರಲಿ ಬಿಡಿ, ನಾಳೆ ಬೇಕಾದೀತು' ಎಂಬ ಉದಾರತೆ. ಬಳಸದೆ ಬಿಟ್ಟ ಕ್ಯಾನುಲಾ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್‌ಗೆ ನೇರ ರಕ್ತಕ್ಕೆ ಇಳಿಯುವ ದಾರಿ. ಇಂಥ ಸೋಂಕನ್ನು ಸರಳ ಶಿಸ್ತೇ ತಡೆಯಬಲ್ಲದು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೊಸ್ಟ್ ತಂಡ ಸೆಂಟ್ರಲ್ ಲೈನ್‌ಗಳಿಗೆ ಐದೇ ಕಟ್ಟಳೆ ತಂದಿತು: ಕೈ ತೊಳೆಯುವುದು, ಲೈನ್ ಹಾಕುವಾಗ ಪೂರ್ಣ ಹೊದಿಕೆ, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮಶುದ್ಧಿ, ಸಾಧ್ಯವಾದಷ್ಟೂ ತೊಡೆಸಂದಿ ತಪ್ಪಿಸುವುದು, ಬೇಡದ ಲೈನ್ ತೆಗೆಯುವುದು. 2006ರ ವರದಿಯ ಪ್ರಕಾರ, ಸಾವಿರ ಲೈನ್-ದಿನಗಳಿಗೆ (ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್-ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ದುಬಾರಿ ಯಂತ್ರ ಒಂದೂ ಬೇಕಾಗಲಿಲ್ಲ.

ಸೋಂಕು ತಡೆಯಲು ಕ್ಯಾನುಲಾ ಸುತ್ತ ಆ್ಯಂಟಿಬಯಾಟಿಕ್ ಮುಲಾಮು ಮೆತ್ತುವುದು ಉಪಕಾರಕ್ಕಿಂತ ಅಪಕಾರ. ಶಿಲೀಂಧ್ರ ಬೆಳೆಯಲು ಅದೇ ಆಸರೆ. ಔಷಧಿ ಹಾಕುವ ಮುನ್ನ ಕ್ಯಾನುಲಾದ ಹೊರತುದಿಯನ್ನು ಸ್ಪಿರಿಟ್‌ನಿಂದ ತಿಕ್ಕಿ ಒರೆಸಿ ಒಣಗಲು ಬಿಡುವುದೇ ರಕ್ಷಣೆ.

ಇನ್ನು ಸುಸ್ತೆಂದು ಕ್ಲಿನಿಕ್ಕಿಗೆ ಹೋಗಿ 'ಒಂದು ಬಾಟಲಿ ಏರಿಸಿ' ಎನ್ನುವವರು. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲೊರಿಯೂ ಇಲ್ಲ. ಬಾಯಿಂದ ಉಣ್ಣಬಲ್ಲವರು ಅಷ್ಟಕ್ಕಾಗಿ ನಾಳ ಚುಚ್ಚಿಸಿಕೊಳ್ಳುತ್ತಾರೆ.

ಡಿಸ್ಚಾರ್ಜ್ ಆದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಕ್ಯಾನುಲಾ ತೆಗೆದು ಒಂದೆರಡು ದಿನಗಳ ಮೇಲೂ ಉರಿಯೂತ ಕಾಣಿಸಿಕೊಳ್ಳಬಹುದು. ಆ ಜಾಗ ಕೆಂಪಾಗಿ ಕೀವು ಬಂದರೆ ಅಥವಾ ಚಳಿಜ್ವರ ಹತ್ತಿದರೆ ಮನೆಮದ್ದು ಹಚ್ಚದೆ ಆಸ್ಪತ್ರೆಗೆ ಮರಳಿ, ಕ್ಯಾನುಲಾ ಯಾವ ಕೈಯಲ್ಲಿ, ಎಷ್ಟು ದಿನ ಇತ್ತೆಂದು ವೈದ್ಯರಿಗೆ ಹೇಳಬೇಕು.