ಬುದ್ಧಿ ಹೇಳದಿರುವುದನ್ನು ಕಲಿಸುವ ಎರಡು ವರ್ಷ

‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಅಮ್ಮ, ಹಾಗಂದ್ರೆ ಏನು?’

ಮನೋವೈದ್ಯ ವಿಭಾಗದ ಕೊಠಡಿಯಲ್ಲಿ ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ. ಕೇಳುತ್ತಿರುವುದು ಇಪ್ಪತ್ತೈದರ ಆಸುಪಾಸಿನ ತರಬೇತಿ ವಿದ್ಯಾರ್ಥಿನಿ, ಎದುರಿಗಿರುವುದು ಅವಳ ತಾಯಿಯ ವಯಸ್ಸಿನ ಹೆಂಗಸು. ‘ದುಡಿಮೆ ನೋಡ್ಕೊಂಡು ಖರ್ಚು ಮಾಡ್ಬೇಕು’ ಎಂದು ಆಕೆ ಹೇಳಿದರೆ, ಮಾತಿನ ಒಳಗಿನ ಅರ್ಥ ಹಿಡಿಯುವ ಶಕ್ತಿ ನೆಟ್ಟಗಿದೆ ಎಂದು ಟಿಪ್ಪಣಿಯಾಗುತ್ತದೆ. ‘ಹಾಸಿಗೆ ಗಿಡ್ಡ ಇದ್ರೆ ಕಾಲಿಗೆ ಚಳಿ ಆಗುತ್ತೆ’ ಎಂದರೆ ಇನ್ನೊಂದು ಗಾದೆ ಕೇಳಬೇಕು. ಆಮೇಲೆ ನೂರರಿಂದ ಏಳೇಳು ಕಳೆಯುತ್ತ ಹೋಗುವ ಲೆಕ್ಕ. ಶಾಲೆಗೆ ಹೋಗದವರಾದರೆ ಇಪ್ಪತ್ತರಿಂದ ಒಂದೊಂದೇ ಇಳಿದು ಬಂದರೂ ಸಾಕು. ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವುದು. ಸ್ಟ್ಯಾಂಪ್ ಅಂಟಿಸಿ ವಿಳಾಸ ಬರೆದ ಕವರೊಂದು ದಾರಿಯಲ್ಲಿ ಸಿಕ್ಕರೆ ಏನು ಮಾಡುತ್ತೀರಿ ಎಂದು ವಿಚಾರಿಸುವುದು.

ಪ್ರಶ್ನೆಗಳನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಗಾದೆಗೆ ತಪ್ಪು ಅರ್ಥ ಹೇಳಿದ್ದು ಕಾಯಿಲೆಯಿಂದಲೋ, ಓದಿಲ್ಲದ್ದರಿಂದಲೋ, ಆ ಗಾದೆ ಅವರ ಊರಿನಲ್ಲಿ ಬಳಕೆಯಲ್ಲೇ ಇಲ್ಲದ್ದರಿಂದಲೋ, ಅಥವಾ ಆಸ್ಪತ್ರೆ ಎಂಬ ಅಂಜಿಕೆಯಿಂದಲೋ ಎಂದು ಬಿಡಿಸಿ ನೋಡುವುದಕ್ಕೆ ಮಾತ್ರ ವರ್ಷಗಳು ಬೇಕು. ಆ ವರ್ಷಗಳ ಕಲಿಕೆಗೆ ನಮ್ಮಲ್ಲಿ ಇರುವ ಹೆಸರು ಎಂ.ಫಿಲ್. ಇನ್ ಕ್ಲಿನಿಕಲ್ ಸೈಕಾಲಜಿ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ. ಪರೀಕ್ಷೆಗಳಿಂದ ತೊಂದರೆಯ ಆಳ ಅಳೆದು, ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ, ಪ್ರವೇಶ ಪರೀಕ್ಷೆ ಗೆದ್ದವರಿಗೆ ಈ ಎರಡು ವರ್ಷದ ಪೂರ್ಣಾವಧಿ ತರಬೇತಿ. ಇದಕ್ಕೆ ಮನ್ನಣೆ ಕೊಡುವುದು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ.

ಈ ವಿದ್ಯೆಯ ಬೇರು ನಮ್ಮ ನೆಲದಲ್ಲೇ ಗಟ್ಟಿಯಾಗಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಪ್ರಸಾರ ಆರಂಭಿಸಿದವರು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಮರುವರ್ಷವೇ ಅಲ್ಲಿ ಮನೋವೈದ್ಯರ ಜೊತೆಜೊತೆಗೆ ಮನೋವಿಜ್ಞಾನಿಗಳ ಡಿಪ್ಲೊಮಾ ತರಬೇತಿಯೂ ಆರಂಭವಾಯಿತು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು. 1845ರಷ್ಟು ಹಿಂದಿನ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಡಿಮ್ಹಾನ್ಸ್‌ನಲ್ಲೂ ಇಂದು ಈ ತರಬೇತಿ ಇದೆ.

ತರಗತಿ, ಪುಸ್ತಕ, ಪ್ರಬಂಧ, ಎರಡು ಭಾಗದ ಪರೀಕ್ಷೆ ಎಲ್ಲ ಕೋರ್ಸಿನಲ್ಲಿ ಇರುವಂಥವೇ. ಈ ಕಲಿಕೆಯ ಜೀವ ಇರುವುದು ಬೇರೆ ಕಡೆ. ಅದನ್ನು ಸೂಪರ್‌ವಿಷನ್ ಎನ್ನುತ್ತಾರೆ. ರೋಗಿಯ ಜೊತೆ ಕಳೆದ ಹೊತ್ತನ್ನು ವಿದ್ಯಾರ್ಥಿ ಆಡಿದ ಮಾತು ಆಡಿದಂತೆಯೇ ಬರೆದು ತಂದು ಗುರುವಿನ ಮುಂದೆ ಇಡಬೇಕು. ಗುರು ಸಾಲುಸಾಲಾಗಿ ನಿಲ್ಲಿಸಿ ಕೇಳುತ್ತಾರೆ: ‘ಇಲ್ಲಿ ಅವರು ಸುಮ್ಮನಾದರಲ್ಲ, ನೀನು ಯಾಕೆ ತಕ್ಷಣ ಮಾತಾಡಿದೆ?’

ಒಂದು ಉದಾಹರಣೆ ನೋಡಿ. ಗೀಳು ಕಾಯಿಲೆಯಲ್ಲಿ ಕೈ ತೊಳೆಯುವ ಗೀಳು ಎಲ್ಲರಿಗೂ ಗೊತ್ತಿರುವಂಥದ್ದು. ಬಾಗಿಲ ಹಿಡಿಕೆ ಮುಟ್ಟಿದರೆ ಸಾಕು, ಕೊಳೆ ಹತ್ತಿತೆಂಬ ಭಯ. ತೊಳೆದಷ್ಟೂ ಸಾಲದು, ಕೈಯ ಚರ್ಮ ಸುಲಿದುಹೋಗಿರುತ್ತದೆ. ಇದಕ್ಕೆ ಪರಿಣಾಮಕಾರಿ ಎಂದು ಸಾಬೀತಾದ ಚಿಕಿತ್ಸೆಯಲ್ಲಿ ಭಯ ಹುಟ್ಟಿಸುವ ವಸ್ತುವನ್ನು ರೋಗಿ ಬೇಕೆಂದೇ ಮುಟ್ಟಬೇಕು, ಮುಟ್ಟಿ ತೊಳೆಯದೆ ಕೂರಬೇಕು. ಸುಲಭದ ವಸ್ತುವಿನಿಂದ ಕಷ್ಟದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಮಾಡಿಕೊಂಡಿರುತ್ತಾರೆ. ವಿದ್ಯಾರ್ಥಿ ಪಕ್ಕದಲ್ಲೇ ಕುಳಿತು ಆಗಾಗ ಕೇಳುತ್ತಾಳೆ: ‘ಸೊನ್ನೆಯಿಂದ ನೂರರೊಳಗೆ ಈಗ ಸಂಕಟ ಎಷ್ಟಿದೆ?’ ಎಂಬತ್ತು. ಎಂಬತ್ತೈದು. ಆಮೇಲೆ ಎಪ್ಪತ್ತು. ತೊಳೆಯದಿದ್ದರೂ ಸಂಕಟ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೂ ತಾಳಿಕೊಳ್ಳಬಹುದು ಎಂಬುದನ್ನು ರೋಗಿ ಮೈಯಾರೆ ತಿಳಿಯಬೇಕು.

ಇಲ್ಲಿ ಎಡವುವುದು ಹೆಚ್ಚಾಗಿ ವಿದ್ಯಾರ್ಥಿಯ ಕರುಣೆ. ಎಂಬತ್ತೈದಕ್ಕೆ ಏರಿ ರೋಗಿಯ ಕಣ್ಣಲ್ಲಿ ನೀರು ತುಂಬಿದಾಗ ‘ಏನೂ ಆಗಲ್ಲ ಬಿಡಿ, ಹಿಡಿಕೆ ಕ್ಲೀನಾಗೇ ಇದೆ’ ಎಂದು ಬಾಯಿಗೆ ಬಂದುಬಿಡುತ್ತದೆ. ಅಷ್ಟಕ್ಕೇ ಅವತ್ತಿನ ಕೆಲಸ ಕೆಡಬಹುದು. ಗೀಳು ಇರುವವರು ಮನೆಯವರ ಬಳಿ ದಿನವಿಡೀ ಕೇಳಿ ಪಡೆಯುವುದು ಇದೇ ಭರವಸೆಯನ್ನು. ಆ ಭರವಸೆಯೇ ಗೀಳಿಗೆ ಮೇವು. ಹುಟ್ಟಿದಾಗಿನಿಂದ ನಾವು ಒಳ್ಳೆಯತನವೆಂದು ಕಲಿತ ಸಮಾಧಾನದ ಮಾತನ್ನು ಯಾವಾಗ ತಡೆಹಿಡಿಯಬೇಕೆಂದು ಯಾವ ಪುಸ್ತಕವೂ ಕಲಿಸಲಾರದು. ಬರೆದು ತಂದ ಪುಟದಲ್ಲಿ ಆ ಒಂದು ಸಾಲಿನ ಕೆಳಗೆ ಗುರು ಗೆರೆ ಎಳೆದಾಗ ಅದು ತಲೆಗೆ ಇಳಿಯುತ್ತದೆ. ನನ್ನ ಮಟ್ಟಿಗೆ ಇಡೀ ತರಬೇತಿಯ ಬೆಲೆ ಆ ಗೆರೆಯಲ್ಲಿದೆ. ‘ನಾಲ್ಕು ಒಳ್ಳೆ ಮಾತು ಹೇಳೋಕೆ ಓದೇನು ಬೇಕು?’ ಎನ್ನುವವರು ಈ ಕೆಲಸವನ್ನು ಹತ್ತಿರದಿಂದ ಕಂಡಿಲ್ಲ.

ಬುದ್ಧಿ ಹೇಳುವ ಚಟವೂ ಹೀಗೆಯೇ. ತೊಂದರೆ ಹೊತ್ತು ಬಂದ ಹೆಣ್ಣುಮಗಳೊಬ್ಬಳಿಗೆ ‘ಗಂಡನ ಜೊತೆ ಹೊಂದಿಕೊಂಡು ಹೋಗಿ’ ಎಂದು ನೆಂಟರಿಷ್ಟರೆಲ್ಲ ಆಗಲೇ ಹೇಳಿ ಮುಗಿಸಿರುತ್ತಾರೆ. ತರಬೇತಾದವರು ಮೊದಲು ಕೇಳುವುದು ತೊಂದರೆ ಯಾವಾಗ ಶುರುವಾಯಿತು, ಹೇಗೆ ಬೆಳೆಯಿತು, ಜೊತೆಗೆ ಬಂದವರು ಯಾರು, ಅವರು ರೋಗಿಯನ್ನು ಎಷ್ಟು ಹತ್ತಿರದಿಂದ ಬಲ್ಲರು ಎಂದು. ಗಂಡ ‘ಮೂರು ತಿಂಗಳಿಂದ’ ಎನ್ನುತ್ತಾನೆ, ಅತ್ತೆ ‘ಮದುವೆಯಾದಾಗಿನಿಂದ’ ಎನ್ನುತ್ತಾರೆ, ಆಕೆ ‘ನನಗೇನಿಲ್ಲ, ಮೈಯೆಲ್ಲ ಉರಿ ಅಷ್ಟೇ’ ಎನ್ನುತ್ತಾಳೆ. ಮೂರನ್ನೂ ಬರೆದುಕೊಳ್ಳಬೇಕು, ಯಾವುದನ್ನೂ ಅವಸರದಲ್ಲಿ ಸುಳ್ಳೆನ್ನಬಾರದು.

ಆ ‘ಮೈ ಉರಿ’ಯ ಮಾತು ಬಂತಲ್ಲ, ಅದೇ ಇನ್ನೊಂದು ಸಂಕಷ್ಟ. ಓದುವುದೆಲ್ಲ ಇಂಗ್ಲಿಷಿನಲ್ಲಿ, ರೋಗಿ ಬರುವುದು ಎದೆ ಹೊಡೆತ, ತಲೆ ಬಿಸಿ, ಕೈಕಾಲು ಜೋಮು, ಬ್ಯಾಸರದ ಮಾತು ಹೊತ್ತು. ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಗಳು ಇಲ್ಲಿನ ವಾರ್ಡಿನಲ್ಲಿ ಕೆಲಸ ಮಾಡಬೇಕಾದರೆ ಕನ್ನಡ ಕಲಿಯದೆ ವಿಧಿಯಿಲ್ಲ. ಮಕ್ಕಳ ಬುದ್ಧಿಶಕ್ತಿ ಅಳೆಯುವ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಆ ಬಿನೆ–ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಅಂದು ಆದ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಇಂದಿನ ಮಗುವನ್ನು ದಶಕಗಳಷ್ಟು ಹಳೆಯ ಅಳತೆಗೋಲಿನಲ್ಲಿ ಅಳೆಯುತ್ತಿದ್ದೇವೆ ಎಂಬುದು ನನ್ನನ್ನು ಕಾಡುತ್ತದೆ. ಕನ್ನಡದ ಮಕ್ಕಳಿಗೆಂದೇ ಹೊಸ ಅಳತೆಗಳನ್ನು ಕಟ್ಟುವುದು ನಮ್ಮ ವಿಶ್ವವಿದ್ಯಾಲಯಗಳ ತುರ್ತು ಕೆಲಸವಾಗಬೇಕು.

ಅಗತ್ಯ ಎಷ್ಟಿದೆ ಎಂಬುದಕ್ಕೆ ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡಬೇಕು. ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಸೂಪರ್‌ವಿಷನ್ ಎಂದರೆ ಒಬ್ಬ ಗುರು ಕೆಲವೇ ಶಿಷ್ಯರನ್ನು ಕೂರಿಸಿಕೊಂಡು ಮಾಡುವ ಕೆಲಸ, ಹಾಗಾಗಿ ಸೀಟುಗಳನ್ನು ಒಮ್ಮೆಲೇ ಹೆಚ್ಚಿಸಲಾಗದು. ಗುರುಗಳನ್ನೇ ಮೊದಲು ಬೆಳೆಸಬೇಕು. ಈ ನಡುವೆ ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತು. ಪದವಿಯ ಹೆಸರು ಬದಲಾದರೆ ಬದಲಾಗಲಿ. ರೋಗಿಯ ಎದುರು ಕೂರುವ ಗಂಟೆಗಳೂ ಗುರುವಿನ ಎದುರು ಕೂರುವ ಗಂಟೆಗಳೂ ಒಂದಿಷ್ಟೂ ಕಡಿಮೆಯಾಗಬಾರದು.

ಕೌನ್ಸೆಲರ್‌ಗಳ ಕಥೆ ಇನ್ನೂ ಗೊಂದಲದ್ದು. ಆಳವಾಗಿ ಓದಿ ಶ್ರದ್ಧೆಯಿಂದ ದುಡಿಯುವವರೂ ಇದ್ದಾರೆ, ಕೆಲವೇ ವಾರಗಳ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರಲೇಬೇಕು. ಮೊದಲ ಭೇಟಿಯಲ್ಲೇ ಕೇಳಿ ನೋಡಬಹುದು. ಕೌನ್ಸೆಲರ್ ಆದರೆ ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಯಾರ ಬಳಿ ಹೋಗಬೇಕೆಂದೇ ತೋಚದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.